ಕಟ್ಟಿದ ಹಲ್ಲಿನ ಹಿಂದೆ ಒಂದು ವಿಜ್ಞಾನ: ಕಾಫಿ ನಾಡಿನ ಮಕ್ಕಳು ದಂತ ತಂತ್ರಜ್ಞಾನದ ಸಂಶೋಧಕರಾಗುವ ದಾರಿ

ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಘಟ್ಟದ ಮೇಲಿನ ಧರ್ಮಕೇಂದ್ರಗಳಿಂದ ನಮಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ನರ್ಸಿಂಗ್, ಇಂಜಿನಿಯರಿಂಗ್ ಮತ್ತು ಬಿ.ಕಾಂ. ಕುರಿತಾಗಿರುತ್ತವೆ. ಕಳಸದ ಕಡೆಯ ತಾಯಿಯೊಬ್ಬರು ಕೇಳಿದ ಪ್ರಶ್ನೆ ಮಾತ್ರ ಬೇರೆ ಬಗೆಯದು. "ನನ್ನ ಮಗ ಹಲ್ಲು ಕಟ್ಟುವ ಟೆಕ್ನಿಶಿಯನ್ ಡಿಪ್ಲೊಮಾ ಮುಗಿಸಿದ್ದಾನೆ. ಸೇರುವಾಗ, ಮುಂದೆ ಪಿಎಚ್.ಡಿ. ಮಾಡಬಹುದು, ಕಾಲೇಜಿನಲ್ಲಿ ಪ್ರೊಫೆಸರ್ ಆಗಬಹುದು ಎಂದು ಹೇಳಿದ್ದರು. ಈಗ ವಿಚಾರಿಸಿದರೆ ಎಲ್ಲಿಯೂ ಆಗುವುದಿಲ್ಲ ಎನ್ನುತ್ತಾರೆ. ಫೀಸು, ಹಾಸ್ಟೆಲ್ ಎಲ್ಲ ಸೇರಿ ಸೊಸೈಟಿಯಲ್ಲಿ ಸಾಲ ಮಾಡಿದ್ದೇವೆ. ಮುಂದೆ ದಾರಿ ಉಂಟೋ ಇಲ್ಲವೋ, ಅಷ್ಟು ಹೇಳಿ."

ಆ ತಾಯಿಗೆ ಉತ್ತರ ಕೊಡುವ ಮೊದಲು ನಾವೇ ಹಲವರನ್ನು ವಿಚಾರಿಸಬೇಕಾಯಿತು. ಹಾಗೆ ತಿಳಿದುಕೊಂಡ ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇವೆ. ಮೂಡಿಗೆರೆ, ಬಣಕಲ್, ಕಳಸ, ಚಿಕ್ಕಮಗಳೂರಿನ ತಂದೆತಾಯಿಯರಿಗೂ, ಮಕ್ಕಳಿಗೆ ಮಾರ್ಗದರ್ಶನ ಮಾಡುವ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು ಮತ್ತು ಯುವ ಸಂಘಟನೆಗಳ ಪದಾಧಿಕಾರಿಗಳಿಗೂ ಇದು ನೆರವಾದೀತು ಎಂಬುದು ನಮ್ಮ ಆಶಯ.

ದಂತ ತಂತ್ರಜ್ಞಾನ ಎಂದರೇನು?

ಹಲ್ಲು ಕಟ್ಟಿಸಿಕೊಂಡ ಹಿರಿಯರು ನಮ್ಮೆಲ್ಲರ ಮನೆಗಳಲ್ಲಿ ಇದ್ದಾರೆ. ದಂತ ವೈದ್ಯರು ಬಾಯಿಯ ಅಳತೆ ತೆಗೆಯುವುದನ್ನು ಅವರು ನೋಡಿರುತ್ತಾರೆ. ಆ ಅಳತೆ ಅಲ್ಲಿಂದ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಪ್ಲಾಸ್ಟರಿನ ಅಚ್ಚು ತಯಾರಾಗುತ್ತದೆ, ಮೇಣದಲ್ಲಿ ಹಲ್ಲುಗಳನ್ನು ಜೋಡಿಸಲಾಗುತ್ತದೆ, ಮೇಣವನ್ನು ಕರಗಿಸಿ ಆ ಜಾಗದಲ್ಲಿ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ ಬಿಸಿನೀರಿನಲ್ಲಿ ಬೇಯಿಸಲಾಗುತ್ತದೆ. ಈ ಕೆಲಸ ಮಾಡುವವರೇ ಡೆಂಟಲ್ ಟೆಕ್ನಿಶಿಯನ್ ಅಥವಾ ಡೆಂಟಲ್ ಮೆಕ್ಯಾನಿಕ್. ಕ್ಯಾಪ್, ಬ್ರಿಡ್ಜ್, ಹಲ್ಲು ನೇರ ಮಾಡುವ ತಂತಿಯ ಸಾಧನ ಎಲ್ಲವೂ ಇಂಥ ಲ್ಯಾಬುಗಳಿಂದಲೇ ಬರುತ್ತವೆ.

ಆದರೆ ಈ ಅಕ್ರಿಲಿಕ್ ಯಾಕೆ ಮುರಿಯುತ್ತದೆ? ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಬೆಂದರೆ ಅದರೊಳಗಿನ ಕಚ್ಚಾ ರಾಸಾಯನಿಕ ಉಳಿಯದೆ ಗಟ್ಟಿಯಾಗುತ್ತದೆ? ಮೂಳೆ ಯಾವ ಲೋಹವನ್ನು ತನ್ನದಾಗಿ ಒಪ್ಪಿಕೊಳ್ಳುತ್ತದೆ? ಇಂಥ ಪ್ರಶ್ನೆಗಳಿಗೆ ಪ್ರಯೋಗ ಮಾಡಿ ಉತ್ತರ ಹುಡುಕುವುದೇ ದಂತ ತಂತ್ರಜ್ಞಾನದ ಸಂಶೋಧನೆ.

ಈ ವಿಜ್ಞಾನ ಒಬ್ಬರಿಂದ ಬೆಳೆದದ್ದಲ್ಲ. 19ನೇ ಶತಮಾನದ ಮಧ್ಯದಲ್ಲಿ ಗಡುಸಾಗಿಸಿದ ರಬ್ಬರಿನಿಂದ ವಸಡಿನ ಭಾಗವನ್ನು ಮಾಡುತ್ತಿದ್ದರು. 1907ರಲ್ಲಿ ಅಮೆರಿಕದ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚಿನಿಂದ ಚಿನ್ನದ ಎರಕ ಹೊಯ್ಯುವ ವಿಧಾನವನ್ನು ದಂತ ವೈದ್ಯರ ಮುಂದೆ ತೋರಿಸಿದರು. 1930ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಬಂದು ರಬ್ಬರನ್ನು ಮೂಲೆಗುಂಪು ಮಾಡಿತು. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಮೊಲದ ಮೂಳೆಯಲ್ಲಿ ರಕ್ತ ಸಂಚಾರವನ್ನು ನೋಡಲೆಂದು ಟೈಟಾನಿಯಂ ಸಾಧನ ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಅದಕ್ಕೆ ಅಂಟಿ ಬೆಳೆದಿತ್ತು. ಈ ಆಕಸ್ಮಿಕವೇ ಇಂದಿನ ಹಲ್ಲಿನ ಇಂಪ್ಲಾಂಟ್‌ನ ಮೂಲ. 1965ರಲ್ಲಿ ಅವರು ಮೊದಲ ರೋಗಿಗೆ ಟೈಟಾನಿಯಂ ಬೇರುಗಳನ್ನು ಕೂಡಿಸಿದರು. ಅದೇ 1965ರಲ್ಲಿ ನಮ್ಮ ಕರಾವಳಿಯ ಮಣಿಪಾಲದಲ್ಲಿ ದಂತ ಕಾಲೇಜು ಆರಂಭವಾಯಿತು. 1985ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಬಾಯಿಯನ್ನು ಕ್ಯಾಮೆರಾದಿಂದ ಅಳೆದು, ಕಂಪ್ಯೂಟರಿನ ಸಹಾಯದಿಂದ ಹಲ್ಲಿನ ತುಂಬನ್ನು ಅಲ್ಲಿಯೇ ಕೊರೆದು ಕೂಡಿಸಲಾಯಿತು. ಇಂದು ಮಂಗಳೂರು, ಬೆಂಗಳೂರಿನ ಲ್ಯಾಬುಗಳಲ್ಲಿ ಕಾಣುವ ಸ್ಕ್ಯಾನರು, ಕೊರೆಯುವ ಯಂತ್ರ, ತ್ರೀಡಿ ಪ್ರಿಂಟರುಗಳೆಲ್ಲ ಇದರ ಮುಂದುವರಿಕೆ.

ಮೂರು ಏಣಿಗಳು, ಒಂದರಲ್ಲಿ ಮೆಟ್ಟಿಲು ತಪ್ಪಿದೆ

ತಂದೆತಾಯಿಯರು ಮೊದಲು ತಿಳಿಯಬೇಕಾದದ್ದು ಇಷ್ಟು. ಈ ಕ್ಷೇತ್ರಕ್ಕೆ ಹೋಗಲು ಮೂರು ಏಣಿಗಳಿವೆ. ಮೂರೂ ಒಂದೇ ಕಟ್ಟಡಕ್ಕೆ ಒರಗಿದ್ದರೂ ಒಂದರಿಂದ ಇನ್ನೊಂದಕ್ಕೆ ನಡುವೆ ದಾಟಲು ಸುಲಭವಾಗಿ ಆಗುವುದಿಲ್ಲ.

ಮೊದಲನೆಯದು ಡೆಂಟಲ್ ಮೆಕ್ಯಾನಿಕ್ ಡಿಪ್ಲೊಮಾ. ಪಿಯುಸಿ ವಿಜ್ಞಾನದ ನಂತರ ಎರಡು ವರ್ಷದ ಓದು. 1948ರ ದಂತ ವೈದ್ಯರ ಕಾಯ್ದೆಯು ಡೆಂಟಲ್ ಮೆಕ್ಯಾನಿಕ್ ಎಂದರೆ ಕಟ್ಟುವ ಹಲ್ಲು ಮತ್ತು ದಂತ ಸಾಧನಗಳನ್ನು ತಯಾರಿಸುವ ಅಥವಾ ದುರಸ್ತಿ ಮಾಡುವ ವ್ಯಕ್ತಿ ಎಂದು ಹೇಳಿತು. ರೋಗಿಯ ಬಾಯಿಗೆ ಕೈಹಾಕುವ ಅಧಿಕಾರ ಅವರಿಗಿಲ್ಲ. ಇದು ಗೌರವದ ಕೆಲಸ. ಕೈಚಳಕ ಇರುವವರಿಗೆ ಊರಿನಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಸಂಪಾದನೆ ಉಂಟು. ಆದರೆ ಈ ಡಿಪ್ಲೊಮಾದ ಮೇಲೆ ನೇರವಾಗಿ ಎಂ.ಡಿ.ಎಸ್. ಅಥವಾ ಪಿಎಚ್.ಡಿ.ಗೆ ಹೋಗಲು ಬರುವುದಿಲ್ಲ. ತಪ್ಪಿರುವ ಮೆಟ್ಟಿಲು ಇದೇ. ಡಿಪ್ಲೊಮಾಕ್ಕೂ ಸ್ನಾತಕೋತ್ತರ ಓದಿಗೂ ನಡುವೆ ಒಂದು ಪೂರ್ಣ ಪದವಿ ಬೇಕು. ಆ ಪದವಿಯ ವಿಷಯವನ್ನು ಸೇರುವಾಗ ಯಾರೂ ಹೇಳಿರುವುದಿಲ್ಲ.

ಎರಡನೆಯದು ದಂತ ವೈದ್ಯರ ಏಣಿ. ನೀಟ್ ಬರೆದು ಬಿ.ಡಿ.ಎಸ್. ಸೇರಬೇಕು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎರಡನೇ ವರ್ಷದಲ್ಲಿ ದಂತ ಸಾಮಗ್ರಿಗಳು, ಅಂದರೆ ಡೆಂಟಲ್ ಮೆಟೀರಿಯಲ್ಸ್ ಎಂಬ ವಿಷಯವೇ ಇದೆ. ಬಳಿಕ ನೀಟ್-ಎಂ.ಡಿ.ಎಸ್. ಬರೆದು ಮೂರು ವರ್ಷದ ಎಂ.ಡಿ.ಎಸ್. ಮಾಡಬೇಕು. ಕೃತಕ ಹಲ್ಲಿನ ವಿಭಾಗಕ್ಕೆ ಪ್ರಾಸ್ಥೊಡಾಂಟಿಕ್ಸ್ ಎಂದು ಹೆಸರು. ಎಂ.ಡಿ.ಎಸ್.ನಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು. ಅದಾದ ಮೇಲೆ ಸಹಾಯಕ ಪ್ರಾಧ್ಯಾಪಕರಾಗಿ ಸೇರಬಹುದು, ಜೊತೆಜೊತೆಗೆ ಪಿಎಚ್.ಡಿ.ಯನ್ನೂ ಮಾಡಬಹುದು.

ಮೂರನೆಯದು ವಿಜ್ಞಾನ ಮತ್ತು ಇಂಜಿನಿಯರಿಂಗ್‌ನ ಏಣಿ. ಇದನ್ನು ನಮ್ಮವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ರಸಾಯನಶಾಸ್ತ್ರ ಅಥವಾ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮಾಡಿದವರು, ಮೆಕ್ಯಾನಿಕಲ್, ಲೋಹಶಾಸ್ತ್ರ, ಬಯೋಮೆಡಿಕಲ್ ಇಂಜಿನಿಯರಿಂಗ್ ಓದಿದವರು ಹಲ್ಲಿನ ಸಾಮಗ್ರಿಗಳ ಮೇಲೆ ಪಿಎಚ್.ಡಿ. ಮಾಡಬಹುದು. ಸುರತ್ಕಲ್‌ನ ಎನ್.ಐ.ಟಿ.ಕೆ.ಯಲ್ಲಿ ಲೋಹ ಮತ್ತು ಸಾಮಗ್ರಿಗಳ ವಿಭಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿಯೂ ದೇಹದೊಳಗೆ ಇಡುವ ಸಾಮಗ್ರಿಗಳ ಸಂಶೋಧನೆ ನಡೆಯುತ್ತದೆ.

ಮೂರನೆಯ ಏಣಿಗೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಕೊಡುತ್ತೇವೆ. ಬೇರು ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಮಾಡಿದ ಹಲ್ಲು ಮತ್ತೆ ಕೆಡುವುದಕ್ಕೆ ಒಂದು ಕಾರಣ, ಹಲ್ಲಿನ ಒಳಗಿನ ಅತಿ ಸಣ್ಣ ಕೊಳವೆಗಳಲ್ಲಿ ಅಡಗಿ ಉಳಿಯುವ ಬ್ಯಾಕ್ಟೀರಿಯಾ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದ ಪ್ರೊ. ಅಂಬರೀಶ್ ಘೋಷ್, ದೇಬಯನ್ ದಾಸ್‌ಗುಪ್ತ ಮತ್ತು ಸಂಗಡಿಗರು ಕಬ್ಬಿಣ ಲೇಪಿಸಿದ ಸುರುಳಿಯಾಕಾರದ ನ್ಯಾನೊ ರೋಬೋಟುಗಳನ್ನು ಅಯಸ್ಕಾಂತ ಕ್ಷೇತ್ರದಿಂದ ನಡೆಸಿ ಆ ಕೊಳವೆಗಳಲ್ಲಿ 2,000 ಮೈಕ್ರೊಮೀಟರ್, ಅಂದರೆ 2 ಮಿಲಿಮೀಟರ್ ಆಳದವರೆಗೆ ಕಳುಹಿಸಿದರು. ಅಲ್ಲಿ ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಲ್ಲಬಹುದೆಂದು ತೋರಿಸಿದರು. ಕಿತ್ತ ಹಲ್ಲುಗಳಲ್ಲಿ ನಡೆಸಿದ ಈ ಕೆಲಸ 2022ರಲ್ಲಿ ಪ್ರಕಟವಾಯಿತು. ಹಲ್ಲಿನ ಈ ಕಷ್ಟಕ್ಕೆ ದಾರಿ ಹುಡುಕಿದ್ದು ಅಯಸ್ಕಾಂತ ಮತ್ತು ನ್ಯಾನೊ ಸಾಮಗ್ರಿ ಬಲ್ಲವರ ಪ್ರಯೋಗಾಲಯ ಎಂಬುದನ್ನು ಗಮನಿಸಬೇಕು.

ಎಷ್ಟು ವರ್ಷ, ಎಷ್ಟು ತಾಳ್ಮೆ?

ಲೆಕ್ಕ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. 18ಕ್ಕೆ ಪಿಯುಸಿ ಮುಗಿದರೆ ಬಿ.ಡಿ.ಎಸ್. ಮುಗಿಯುವಾಗ 23, ಎಂ.ಡಿ.ಎಸ್. ಮುಗಿಯುವಾಗ 26. ಯು.ಜಿ.ಸಿ.ಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಬೋಧಕ ಹುದ್ದೆಯಲ್ಲಿ ಬಡ್ತಿಗೆ ವರ್ಷಗಳ ಅನುಭವದ ಜೊತೆಗೆ ಪ್ರಕಟವಾದ ಲೇಖನಗಳೂ ಲೆಕ್ಕಕ್ಕೆ ಬರುತ್ತವೆ. ಪ್ರೊಫೆಸರ್ ಆಗುವಾಗ ವಯಸ್ಸು 35 ದಾಟಿರುತ್ತದೆ. ವಿಜ್ಞಾನದ ಏಣಿಯಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಸೇರಿ 5 ವರ್ಷ, ಬಳಿಕ ಪಿಎಚ್.ಡಿ. ಖರ್ಚು ಬಹಳ ಕಡಿಮೆ, ಆದರೆ ಕಾಯಂ ಕೆಲಸ ಸಿಗುವುದು ತಡವಾಗಬಹುದು.

ನಿಯಮಗಳೂ ಬದಲಾಗುತ್ತಿವೆ. 1948ರ ಕಾಯ್ದೆಯ ಜಾಗಕ್ಕೆ ತರಲೆಂದು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಆದುದರಿಂದ ಹಿಂದಿನ ಬ್ಯಾಚಿನವರ ಮಾತು ಕೇಳಿ ಸೇರದೆ, ಸೇರುವ ವರ್ಷದ ನಿಯಮವನ್ನೇ ನೋಡಬೇಕು.

ಮಲೆನಾಡಿನ ಜನರಿಗೆ ತಾಳ್ಮೆಯ ಸಂಶೋಧನೆ ಹೊಸದೇನೂ ಅಲ್ಲ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಎಲೆ ತುಕ್ಕು ರೋಗವನ್ನು ತಡೆಯುವ ಗಿಡ ಹುಡುಕಲು ಅಲ್ಲಿನವರು ವರ್ಷಾನುಗಟ್ಟಲೆ ತಳಿಗಳನ್ನು ಬೆರೆಸಿ, ನೆಟ್ಟು, ಕಾದು ನೋಡಿದರು. 1940ರ ದಶಕದಲ್ಲಿ ಎಸ್. 795 ತಳಿ ತೋಟಗಳಿಗೆ ಬಂತು, 2007ರಲ್ಲಿ ಚಂದ್ರಗಿರಿ ತಳಿ ಬಂತು. ಗಿಡ ನೆಟ್ಟ ವರ್ಷವೇ ಹಣ್ಣು ಕೇಳುವ ಬೆಳೆಗಾರರಿಲ್ಲ. ಮಕ್ಕಳ ಸಂಶೋಧನೆಯನ್ನೂ ಮನೆಯವರು ಹಾಗೆಯೇ ಕಾಯಬೇಕಾಗುತ್ತದೆ.

ಪ್ರಶ್ನೆಯನ್ನು ಊರಿನಿಂದಲೇ ಒಯ್ಯಿರಿ

ಸಂಶೋಧನೆ ಎಂದಾಕ್ಷಣ ನಮ್ಮ ಮಕ್ಕಳು ವಿದೇಶದ ಯಾವುದೋ ದೊಡ್ಡ ವಿಷಯ ಹುಡುಕಲು ಹೊರಡುತ್ತಾರೆ. ಕಾಫಿ ನಾಡಿನಲ್ಲಿ ಹುಟ್ಟಿದವರ ಕಣ್ಣೆದುರೇ ಒಳ್ಳೆಯ ಪ್ರಶ್ನೆಗಳಿವೆ. ಮೂರನ್ನು ಹೇಳುತ್ತೇವೆ.

ಮೊದಲನೆಯದು ಕಾಫಿಯೇ. ಕಾಫಿ, ಚಹಾ ಕುಡಿದರೆ ಕಟ್ಟಿದ ಹಲ್ಲು ಮತ್ತು ತುಂಬಿಸಿದ ಹಲ್ಲಿನ ಬಣ್ಣ ಕೆಡುತ್ತದೆಯೇ ಎಂಬುದು ದಂತ ಸಾಮಗ್ರಿ ವಿಭಾಗಗಳಲ್ಲಿ ಬಹಳ ನಡೆದಿರುವ ಪ್ರಯೋಗ. ಅಕ್ರಿಲಿಕ್‌ನ ಸಣ್ಣ ಬಿಲ್ಲೆಗಳನ್ನು ಮಾಡಿ ಕಾಫಿಯಲ್ಲಿ ಮುಳುಗಿಸಿ, ದೇಹದ ಬಿಸಿಯಾದ 37 ಡಿಗ್ರಿಯಲ್ಲಿ ಇಡುತ್ತಾರೆ. ಮೊದಲು ಮತ್ತು ನಂತರ ಬಣ್ಣವನ್ನು ಯಂತ್ರದಿಂದ ಅಳೆಯುತ್ತಾರೆ. ಬಣ್ಣದ ವ್ಯತ್ಯಾಸ ಒಂದು ಅಂಕಿಯಾಗಿ ಬರುತ್ತದೆ. ಆ ಅಂಕಿ ಸುಮಾರು 1.2 ಆದರೆ ನೋಡುವವರಲ್ಲಿ ಅರ್ಧದಷ್ಟು ಜನರಿಗೆ ವ್ಯತ್ಯಾಸ ತಿಳಿಯುತ್ತದೆ. 2.7 ದಾಟಿದರೆ ಅರ್ಧಕ್ಕಿಂತ ಹೆಚ್ಚು ಜನ ಆ ಹಲ್ಲನ್ನು ಒಪ್ಪುವುದಿಲ್ಲ. ಮುಳುಗಿಸುವ ಅವಧಿಗೂ ಲೆಕ್ಕವಿದೆ. ಒಂದು ಕಪ್ಪಿಗೆ 15 ನಿಮಿಷ, ದಿನಕ್ಕೆ ಸರಾಸರಿ 3.2 ಕಪ್ ಎಂದು ಹಿಡಿದರೆ ದಿನಕ್ಕೆ 48 ನಿಮಿಷ, 30 ದಿನಕ್ಕೆ 24 ಗಂಟೆ. ಅಂದರೆ ಒಂದು ದಿನ ಪೂರ್ತಿ ಮುಳುಗಿಸಿದರೆ ಒಂದು ತಿಂಗಳು ಕಾಫಿ ಕುಡಿದ ಹಾಗೆ, 12 ದಿನ ಮುಳುಗಿಸಿದರೆ ಒಂದು ವರ್ಷದ ಹಾಗೆ.

ಇಂಥ ಪ್ರಯೋಗಗಳಲ್ಲಿ ಅನೇಕವು ಅಂಗಡಿಯ ಇನ್‌ಸ್ಟಂಟ್ ಪುಡಿಯನ್ನು ಬರಿ ನೀರಿಗೆ ಹಾಕಿ ನಡೆದವು. ನಮ್ಮ ಲೈನ್ ಮನೆಗಳಲ್ಲಿ ಕುಡಿಯುವುದು ಅದನ್ನಲ್ಲ. ಒಂದೆಡೆ ಬೆಲ್ಲದ ಕಪ್ಪು ಕಾಫಿ, ಇನ್ನೊಂದೆಡೆ ಚಿಕೋರಿ ಬೆರೆಸಿದ ಹಾಲಿನ ಕಾಫಿ. ಬಿಲ್ಲೆಗಳನ್ನು ನಾಲ್ಕು ಗುಂಪು ಮಾಡಿ ಒಂದನ್ನು ಶುದ್ಧ ನೀರಿನಲ್ಲಿ, ಒಂದನ್ನು ಬರಿ ಕಾಫಿಯಲ್ಲಿ, ಒಂದನ್ನು ಹಾಲಿನ ಕಾಫಿಯಲ್ಲಿ, ಒಂದನ್ನು ಬೆಲ್ಲದ ಕಾಫಿಯಲ್ಲಿ ಇಟ್ಟು ನೋಡಿದರೆ ಬಿ.ಡಿ.ಎಸ್. ವಿದ್ಯಾರ್ಥಿಯೊಬ್ಬರು ಮಾಡಬಹುದಾದ ಚೊಕ್ಕ ಸಂಶೋಧನೆಯಾಗುತ್ತದೆ. ಹಾಗೆಂದು ಪ್ರಶ್ನೆ ಹೊಸದೆಂದು ಮೊದಲೇ ತೀರ್ಮಾನಿಸಬಾರದು. ಹಿಂದೆ ಯಾರಾದರೂ ಮಾಡಿದ್ದಾರೆಯೇ ಎಂದು ಹುಡುಕಿ ಓದುವುದೇ ಸಂಶೋಧನೆಯ ಮೊದಲ ಪಾಠ.

ಎರಡನೆಯದು ಕವಳ. ಎಲೆ ಅಡಿಕೆ ನಮ್ಮ ಕಡೆ ಮರ್ಯಾದೆಯ ವಸ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿತು. ವರ್ಷಾನುಗಟ್ಟಲೆ ಅಡಿಕೆ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಸಾಧಾರಣವಾಗಿ ಬಾಯಿ ಮೂರು ಬೆರಳಿನಷ್ಟು ತೆರೆಯಬೇಕು. ಒಂದೇ ಬೆರಳು ಹೋಗುವ ಬಾಯಿಗೆ ಅಳತೆಯ ತಟ್ಟೆ ಹೋಗುವುದು ಹೇಗೆ? ಕಟ್ಟಿದ ಹಲ್ಲನ್ನು ಒಳಗಿಡುವುದು ಹೇಗೆ? ಎರಡು ತುಂಡಾಗಿ ಒಳಗೆ ಹೋಗಿ ಜೋಡಿಕೊಳ್ಳುವ ತಟ್ಟೆ, ಮಡಚುವ ಹಲ್ಲಿನ ಸೆಟ್ಟು, ಸಣ್ಣ ತಲೆಯ ಸ್ಕ್ಯಾನರು ಇವೆಲ್ಲ ತಂತ್ರಜ್ಞಾನದ ಪ್ರಶ್ನೆಗಳೇ.

ಮೂರನೆಯದು ದಾರಿ. ಪೂರ್ತಿ ಹಲ್ಲಿನ ಸೆಟ್ಟು ಮಾಡಿಸಲು ಹಳೆಯ ಕ್ರಮದಲ್ಲಿ ಸುಮಾರು ಐದು ಸಲ ಹೋಗಬೇಕು. ಮೊದಲ ಅಳತೆ, ಸರಿಯಾದ ಅಳತೆ, ದವಡೆಗಳ ಹೊಂದಾಣಿಕೆ, ಮೇಣದಲ್ಲಿ ಹಾಕಿ ನೋಡುವುದು, ಕೊನೆಗೆ ಕೊಡುವುದು. ಮಂಗಳೂರಿನಲ್ಲಿ ಇರುವವರಿಗೆ ಇದು ಐದು ಸಂಜೆಗಳ ಕೆಲಸ. ಕಳಸದ ತೋಟದ ಕಾರ್ಮಿಕ ಅಜ್ಜಿಗೆ ಐದು ದಿನದ ಕೂಲಿ, ಐದು ಸಲದ ಬಸ್ಸಿನ ಹಣ, ಜೊತೆಗೆ ಬರುವವರ ಕೂಲಿ ಬೇರೆ. 2019ರ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆದದ್ದನ್ನು ಯಾರೂ ಮರೆತಿಲ್ಲ. ಮೂರನೇ ಸಲಕ್ಕೆ ಹೋಗುವುದನ್ನು ಬಿಟ್ಟು ಹಲ್ಲಿಲ್ಲದೆ ಗಂಜಿ ಉಂಡು ದಿನ ಕಳೆಯುವ ಹಿರಿಯರನ್ನು ನಮ್ಮ ವಾರ್ಡುಗಳಲ್ಲಿ ಕಾಣುತ್ತೇವೆ. ಕಂಪ್ಯೂಟರಿನಿಂದ ಮಾಡುವ ಹಲ್ಲಿನ ಸೆಟ್ಟು ಈ ಭೇಟಿಗಳನ್ನು ಕಡಿಮೆ ಮಾಡುವ ಭರವಸೆ ಕೊಡುತ್ತದೆ. ಅದು ಎಷ್ಟು ಗಟ್ಟಿ, ಎಷ್ಟು ಅಗ್ಗ, ಬಸ್ಸು ಸಿಗದ ಊರಿನವರಿಗೆ ಎಷ್ಟು ಉಪಯೋಗ ಎಂದು ನೋಡಬೇಕಾದರೆ ಈ ದಾರಿಯಲ್ಲಿ ಓಡಾಡಿದವರ ಅನುಭವ ಬೇಕು.

ಗಟ್ಟಿತನಕ್ಕೂ ಅಳತೆ ಉಂಟು. ಅಂತರರಾಷ್ಟ್ರೀಯ ಮಾನದಂಡದಂತೆ 64 ಮಿ.ಮೀ. ಉದ್ದ, 10 ಮಿ.ಮೀ. ಅಗಲ, 3.3 ಮಿ.ಮೀ. ದಪ್ಪದ ಅಕ್ರಿಲಿಕ್ ಪಟ್ಟಿ ಬಗ್ಗಿಸಿದಾಗ ಕನಿಷ್ಠ 65 ಮೆಗಾಪಾಸ್ಕಲ್ ತಡೆಯಬೇಕು. ಬಿಸಿ ಕಾಫಿ, ತಣ್ಣನೆ ನೀರಿನ ಹೊಡೆತವನ್ನು ತೋರಿಸಲು 5 ಡಿಗ್ರಿ ಮತ್ತು 55 ಡಿಗ್ರಿ ನೀರಿನಲ್ಲಿ ಸಾವಿರಾರು ಸಲ ಅದ್ದಿ ತೆಗೆಯುವ ಯಂತ್ರವಿದೆ. ಇಂಥ ಅಳತೆಗಳನ್ನು ಕಲಿತವರಿಗೆ ಊರಿನ ಪ್ರಶ್ನೆಯನ್ನು ಪ್ರಪಂಚ ಒಪ್ಪುವ ಉತ್ತರವಾಗಿ ಬರೆಯಲು ಸಾಧ್ಯ.

ಎಲ್ಲಿ ಕಲಿಯುವುದು, ಹಣ ಎಲ್ಲಿಂದ?

ದಂತ ವೈದ್ಯಕೀಯ ಓದಲು ನಮ್ಮ ಮಕ್ಕಳು ಘಟ್ಟ ಇಳಿಯಬೇಕು, ಇಲ್ಲವೇ ಹಾಸನ, ಶಿವಮೊಗ್ಗದ ಕಡೆಗೆ ಹೋಗಬೇಕು. ಕರಾವಳಿಯಲ್ಲಿ ಮಣಿಪಾಲ ಮತ್ತು ಮಂಗಳೂರಿನ ಮಣಿಪಾಲ ದಂತ ಕಾಲೇಜುಗಳು, ದೇರಳಕಟ್ಟೆಯ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ ಕಾಲೇಜುಗಳು, ಎ.ಜೆ. ದಂತ ಕಾಲೇಜು, ಸುಳ್ಯದ ಕೆ.ವಿ.ಜಿ. ದಂತ ಕಾಲೇಜು ಇವೆ. ಸರಕಾರಿ ಫೀಸಿನಲ್ಲಿ ಓದಲು ಬಯಸುವವರು ಬೆಂಗಳೂರಿನ ಸರಕಾರಿ ದಂತ ಕಾಲೇಜನ್ನು ಮರೆಯಬಾರದು. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಬರಬೇಡಿ. ದಂತ ಸಾಮಗ್ರಿಗಳ ಪ್ರಯೋಗಾಲಯ ಇದೆಯೇ, ಕಳೆದ ವರ್ಷ ವಿದ್ಯಾರ್ಥಿಗಳ ಹೆಸರಿನಲ್ಲಿ ಎಷ್ಟು ಲೇಖನ ಪ್ರಕಟವಾದವು, ಪಿಎಚ್.ಡಿ. ಮಾರ್ಗದರ್ಶಕರು ಎಷ್ಟು ಮಂದಿ ಎಂದು ಕೇಳಿ.

ಓದುವಾಗಲೇ ಸಂಶೋಧನೆ ಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿವೇತನ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಇರುವಂತೆಯೇ ಬಿ.ಡಿ.ಎಸ್. ವಿದ್ಯಾರ್ಥಿಗಳಿಗೂ ಇದೆ. 1979ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಎರಡು ತಿಂಗಳ ಸಣ್ಣ ಸಂಶೋಧನೆ ಮಾಡಿ ವರದಿ ಕೊಡಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಆ ವಿಶ್ವವಿದ್ಯಾಲಯದ ಅನುದಾನವೂ ಉಂಟು. ಮಣಿಪಾಲ, ನಿಟ್ಟೆ, ಯೆನೆಪೋಯ ಇವು ತಾವೇ ವಿಶ್ವವಿದ್ಯಾಲಯಗಳಾಗಿರುವುದರಿಂದ ಅಲ್ಲಿಯ ಯೋಜನೆಗಳು ಬೇರೆ.

ವಿಜ್ಞಾನದ ಏಣಿ ಹತ್ತುವವರು ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೂನಿಯರ್ ಫೆಲೋಶಿಪ್ ಪಡೆದರೆ ಮನೆಗೆ ಭಾರವಾಗದೆ ಪಿಎಚ್.ಡಿ. ಮಾಡಬಹುದು. 2023ರ ಜನವರಿಯಿಂದ ಜಾರಿಗೆ ಬರುವಂತೆ ಇದನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಅಲ್ಪಸಂಖ್ಯಾತರಿಗಾಗಿ ಇದ್ದ ಮೌಲಾನಾ ಆಜಾದ್ ಫೆಲೋಶಿಪ್‌ನ ಹೆಸರನ್ನು ಹಿರಿಯರು ಈಗಲೂ ಹೇಳುತ್ತಾರೆ. ಕೇಂದ್ರ ಸರಕಾರ ಅದನ್ನು 2022ರಲ್ಲಿ ನಿಲ್ಲಿಸಿತು. ಅದನ್ನು ನಂಬಿ ಲೆಕ್ಕ ಹಾಕಬಾರದು.

ಎಚ್ಚರಿಕೆಯ ನಾಲ್ಕು ಮಾತು

ಒಂದು. ಮನುಷ್ಯರ ಮೇಲೆ, ಅವರ ಕಿತ್ತ ಹಲ್ಲಿನ ಮೇಲೆ ಪ್ರಯೋಗ ಮಾಡುವಾಗಲೂ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು. ಲೈನ್ ಮನೆಗಳಲ್ಲಿ ತಮಿಳು, ತುಳು, ಕೊಂಕಣಿ ಮಾತನಾಡುವವರೂ ಇದ್ದಾರೆ. ಅವರ ಭಾಷೆ ಬಲ್ಲ ಸಂಶೋಧಕರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಎರಡು. ಹಣ ಕೊಟ್ಟರೆ ವಾರದಲ್ಲಿ ಲೇಖನ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳ ಈಮೇಲು ಬಂದೇ ಬರುತ್ತದೆ. ನಂಬಬೇಡಿ. ಯು.ಜಿ.ಸಿ. ತಾನು ಮಾಡಿದ್ದ ಒಳ್ಳೆಯ ಪತ್ರಿಕೆಗಳ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ಈಗ ಪತ್ರಿಕೆಯ ಯೋಗ್ಯತೆಯನ್ನು ನಾವೇ ನೋಡಿಕೊಳ್ಳಬೇಕು. ತಿಳಿದ ಅಧ್ಯಾಪಕರನ್ನು ಕೇಳದೆ ಲೇಖನ ಕಳುಹಿಸಬಾರದು.

ಮೂರು. ಲ್ಯಾಬಿನ ಧೂಳು. ಲೋಹ, ಅಕ್ರಿಲಿಕ್, ಪಿಂಗಾಣಿಯನ್ನು ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಹೋದರೆ ವಾಸಿಯಾಗದ ಕಾಯಿಲೆ ತರಬಹುದು. ಧೂಳು ಎಳೆಯುವ ಯಂತ್ರ ಮತ್ತು ಸರಿಯಾದ ಮಾಸ್ಕ್ ಇಲ್ಲದ ಲ್ಯಾಬಿಗೆ ಮಕ್ಕಳನ್ನು ಕಳುಹಿಸಬೇಡಿ.

ನಾಲ್ಕು. ಯಾವ ಕೋರ್ಸ್ ಆದರೂ ಸೇರುವ ಮೊದಲು ಎರಡು ಪ್ರಶ್ನೆ ಬರಹದಲ್ಲಿ ಕೇಳಿ. ಇದಕ್ಕೆ ಯಾವ ಮಂಡಳಿಯ ಮಾನ್ಯತೆ ಇದೆ? ಇದರ ಮೇಲೆ ಯಾವ ಕೋರ್ಸಿಗೆ, ಯಾವ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಗುತ್ತದೆ? ಬಾಯಿ ಮಾತಿನಲ್ಲಿ ಹೌದು ಎಂದು ಬರಹದಲ್ಲಿ ಕೊಡದಿದ್ದರೆ ಉತ್ತರ ಇಲ್ಲ ಎಂದೇ ತಿಳಿಯಿರಿ.

ಧರ್ಮಕೇಂದ್ರಗಳು ಏನು ಮಾಡಬಹುದು?

ಪಿಯುಸಿ ಮಕ್ಕಳಿಗೆ ನಡೆಸುವ ಮಾರ್ಗದರ್ಶನ ಶಿಬಿರವನ್ನು ಫಲಿತಾಂಶದ ನಂತರ ಅಲ್ಲ, ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ನಡೆಸಬೇಕು. ಪಿಯುಸಿಯಲ್ಲಿ ಗಣಿತ ಬಿಟ್ಟರೆ ಇಂಜಿನಿಯರಿಂಗ್ ಬಾಗಿಲು, ಜೀವಶಾಸ್ತ್ರ ಬಿಟ್ಟರೆ ಬಿ.ಡಿ.ಎಸ್. ಬಾಗಿಲು ಮುಚ್ಚುತ್ತದೆ. ನಾಲ್ಕೂ ವಿಜ್ಞಾನ ವಿಷಯ ತೆಗೆದುಕೊಂಡ ಮಗುವಿಗೆ ಮೂರೂ ಏಣಿ ತೆರೆದಿರುತ್ತವೆ. ದಂತ ತಪಾಸಣಾ ಶಿಬಿರಗಳು ನಮ್ಮ ಸಭಾಭವನಗಳಲ್ಲಿ ನಡೆಯುತ್ತವೆ. ಅಲ್ಲಿಗೆ ಬರುವ ಕಾಲೇಜಿನ ಅಧ್ಯಾಪಕರನ್ನು ಅರ್ಧ ಗಂಟೆ ಕೂರಿಸಿ ನಮ್ಮ ಮಕ್ಕಳೊಂದಿಗೆ ಮಾತನಾಡಿಸಿದರೆ ಖರ್ಚಿಲ್ಲದೆ ಒಂದು ಒಳ್ಳೆಯ ಕೆಲಸವಾಗುತ್ತದೆ. ಹೆಣ್ಣುಮಕ್ಕಳು ಎಂ.ಡಿ.ಎಸ್., ಎಂ.ಎಸ್ಸಿ. ಮುಗಿಸಿದ ವಯಸ್ಸಿಗೇ ಮದುವೆಯ ಮಾತು ಬರುತ್ತದೆ. ಪಿಎಚ್.ಡಿ.ಯ ನಡುವೆ ಓದು ನಿಲ್ಲದಂತೆ ಎರಡೂ ಮನೆಯವರು ಮೊದಲೇ ಕುಳಿತು ಮಾತನಾಡುವಂತೆ ಹಿರಿಯರು ನೋಡಿಕೊಳ್ಳಬಹುದು.

ಕಳಸದ ಆ ತಾಯಿಗೆ ನಾವು ಹೇಳಿದ್ದು

ನಿಮ್ಮ ಮಗನ ಎರಡು ವರ್ಷ ವ್ಯರ್ಥವಾಗಿಲ್ಲ, ಆದರೆ ಆ ಡಿಪ್ಲೊಮಾ ಅವನನ್ನು ನೇರವಾಗಿ ಪಿಎಚ್.ಡಿ.ಗೆ ಒಯ್ಯುವುದಿಲ್ಲ ಎಂದು ಮೊದಲು ಸ್ಪಷ್ಟವಾಗಿ ಹೇಳಿದೆವು. ಆ ಮಾತು ಹೇಳುವುದು ನಮಗೂ ಸುಲಭವಾಗಿರಲಿಲ್ಲ. ಬಳಿಕ ಇರುವ ದಾರಿಗಳನ್ನು ಹೇಳಿದೆವು. ಅವನ ಪಿಯುಸಿ ವಿಜ್ಞಾನ ಕೈಯಲ್ಲಿಯೇ ಇದೆ. ಅದರ ಮೇಲೆ ರಸಾಯನಶಾಸ್ತ್ರ ಇರುವ ಬಿ.ಎಸ್ಸಿ. ಸೇರಬಹುದು, ಎಂ.ಎಸ್ಸಿ. ಮಾಡಿ ನೆಟ್ ಬರೆಯಬಹುದು. ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದಿದ್ದಾರೆ. ಮುಂದೆ ಕೈಯಲ್ಲಿ ಹಣ ಸೇರಿದರೆ, ದಂತ ತಂತ್ರಜ್ಞಾನದಲ್ಲಿಯೇ ಬ್ಯಾಚುಲರ್ ಪದವಿ ಕೊಡುವ ವಿದೇಶದ ವಿಶ್ವವಿದ್ಯಾಲಯಗಳನ್ನೂ ವಿಚಾರಿಸಬಹುದು. ಸಾಲ ತೀರುವವರೆಗೆ ಲ್ಯಾಬಿನಲ್ಲಿ ದುಡಿಯುತ್ತ ಸ್ಕ್ಯಾನರು ಮತ್ತು ಕಂಪ್ಯೂಟರ್ ವಿನ್ಯಾಸ ಕಲಿಯುವುದು ಒಳ್ಳೆಯದು.

ಇನ್ನೊಂದು ಮಾತನ್ನೂ ಸೇರಿಸಿದೆವು. ಎಂ.ಎಸ್ಸಿ. ಓದಿದವರು ಅನೇಕರಿರುತ್ತಾರೆ. ಆದರೆ ತನ್ನ ಕೈಯಿಂದಲೇ ನೂರಾರು ಹಲ್ಲಿನ ಸೆಟ್ಟು ಬೇಯಿಸಿ, ಯಾವುದು ಎಲ್ಲಿ ಸೀಳುತ್ತದೆ ಎಂದು ಕಣ್ಣಾರೆ ನೋಡಿ, ಆಮೇಲೆ ಎಂ.ಎಸ್ಸಿ. ಓದಿದವರು ಕಡಿಮೆ. ಅಂಥವನು ಪ್ರಯೋಗಾಲಯಕ್ಕೆ ಬಂದಾಗ ಅವನ ಬಳಿ ಪ್ರಶ್ನೆಗಳಿಗೆ ಕೊರತೆ ಇರುವುದಿಲ್ಲ.

ಆ ಹುಡುಗ ಈಗ ಮೂಡಿಗೆರೆಯಿಂದ ಘಟ್ಟ ಇಳಿದು ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾ ಬಿ.ಎಸ್ಸಿ. ಅರ್ಜಿ ತುಂಬಿಸಿದ್ದಾನೆ ಎಂದು ತಾಯಿ ತಿಳಿಸಿದ್ದಾರೆ. ದಾರಿ ಉದ್ದವಿದೆ. ಈ ಸಲ ಮೆಟ್ಟಿಲುಗಳನ್ನು ಎಣಿಸಿಕೊಂಡು ಹೊರಟಿದ್ದಾನೆ ಎಂಬುದೇ ನಮಗೆ ಸಮಾಧಾನ. ನಿಮ್ಮ ಧರ್ಮಕೇಂದ್ರದಲ್ಲಿಯೂ ಇಂಥ ಮಗುವೊಂದು ಇದ್ದರೆ, ಫೀಸು ಕಟ್ಟುವ ಮೊದಲು ಈ ಬರಹವನ್ನು ಓದಿ ಹೇಳಿ.